ಹನ್ನೆರಡು ಗಂಟೆಗೆ ಎಡಮಗ್ಗುಲು

ಆಸ್ಪತ್ರೆಯ ಲಿಫ್ಟಿಗಾಗಿ ಕಾಯುತ್ತಿದ್ದೆ. ನನ್ನ ಮುಂದೆ ಇಬ್ಬರು ನರ್ಸುಗಳು ನಿಂತಿದ್ದರು. ಹಿರಿಯಾಕೆಯ ಕೈಯಲ್ಲಿ ಒಂದು ಹಾಳೆ ಇತ್ತು.

“ಏನೇ ಇದು? ಹನ್ನೆರಡು ಗಂಟೆಗೆ ಅಜ್ಜನ್ನ ಎಡಮಗ್ಗುಲಿಗೆ ಹೊರಳಿಸಿದೆ ಅಂತ ಬರೆದಿದೀಯ.”

“ಹೌದು ಸಿಸ್ಟರ್.”

“ಅಜ್ಜ ತೀರಿಕೊಂಡಿದ್ದು ಎಷ್ಟೊತ್ತಿಗೆ?”

“ಹತ್ತೂವರೆಗೆ.”

“ಹೆಣಾನ ಹೊರಳಿಸಿದ್ಯಾ?”

“ಎರಡೆರಡು ಗಂಟೆಗೊಮ್ಮೆ ಹೊರಳಿಸೋದನ್ನೆಲ್ಲ ಡ್ಯೂಟಿಗೆ ಬಂದ ತಕ್ಷಣ ಮೊದಲೇ ಬರೆದಿಟ್ಟುಬಿಡ್ತೀವಿ. ಆಮೇಲೆ ಪೆನ್ನು ಹಿಡಿಯೋಕೆ ಪುರುಸೊತ್ತೆಲ್ಲಿದೆ? ಎಲ್ಲರೂ ಹಾಗೇ ಮಾಡೋದು.”

“ಮೈ ಒರೆಸುವಾಗ ಅವರ ಮಗಳು ಬೆನ್ನು ನೋಡಿದಾಳೆ. ಮಲಗಿದ್ದಲ್ಲೇ ಮಲಗಿ ಅಂಗೈಯಗಲ ಹುಣ್ಣು. ಈ ಹಾಳೆ ಕೊಡಿ, ಕೋರ್ಟಿಗೆ ಹೋಗ್ತೀನಿ ಅಂತ ಕೂತಿದಾಳೆ.”

“ಮೇಟ್ರನ್ ಮೇಡಂ ಹಳೇದು ಹರಿದು ಹೊಸದು ಬರಿ ಅಂದ್ರು.”

“ಬರೀತೀಯಾ?”

“ಬರೀತೀನಿ. ನಿಜಾನೇ ಬರೀತೀನಿ. ಎಂಟಕ್ಕೆ ಒಂದು ಸಲ ಹೊರಳಿಸಿದೆ, ಆಮೇಲೆ ಆಗಲಿಲ್ಲ. ಮಂಚ ಇಪ್ಪತ್ತೆರಡು, ನನ್ನವು ಎರಡೇ ಕೈ. ಇನ್ನೊಬ್ಬರನ್ನ ಕೊಡಿ ಅಂತ ಮೂರು ಸಲ ಬಾಯಿ ಬಡ್ಕೊಂಡೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅದನ್ನೂ ಬರೀಲಾ?”

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು, ನಾನು ಹೊರಗೇ ಉಳಿದೆ. ಬಾಗಿಲು ಮುಚ್ಚುವಾಗ ಹಿರಿಯಾಕೆ ಹಾಳೆಯನ್ನು ಮಡಚುತ್ತಿದ್ದರು.

“ಬರಿ. ಇದನ್ನ ಹರೀಬೇಡ. ಎರಡನ್ನೂ ಆ ಮಗಳ ಕೈಗೇ ಕೊಡೋಣ.”