ಹಸಿರು ಚುಕ್ಕೆಯ ಮೇಲೆ ಇಳಿಯಬೇಕಿದ್ದ ವಿಮಾನದ ಬಗ್ಗೆ

ವಯಸ್ಸು 53, ಕಸುಬು ಬಟ್ಟೆ ಹೊಲಿಗೆ, ಓದು ಆರನೇ ತರಗತಿ ಅರ್ಧಕ್ಕೆ, ವಾಸ ಬಸ್ ನಿಲ್ದಾಣದ ಹಿಂದಿನ ಬೀದಿ, ಹೊಲಿಗೆ ಅಂಗಡಿಯ ಮೇಲಿನ ಮನೆ. ಬಿಳಿ ವಿಮಾನ ನಡೆಸಿದವಳ ದೊಡ್ಡಮ್ಮನಾದ ನಾನು ಈ ಮೂಲಕ ತಿಳಿಸುವುದೇನೆಂದರೆ:

ವಿಮಾನ ಮೇಳಕ್ಕೆ ಮೊದಲು ಮೂರು ದಿನ ನನಗೆ ಒಂದೇ ಕನಸು ಬಿತ್ತು. ಆಕಾಶದ ತುಂಬ ವಿಮಾನಗಳು ಸಿಕ್ಕುಬಿದ್ದ ದಾರದಂತೆ ಹೆಣೆದುಕೊಂಡಿದ್ದವು, ಬಿಡಿಸಲು ತುದಿಯೇ ಸಿಗಲಿಲ್ಲ. ಇದನ್ನು ತಂಗಿಯ ಮಗಳಿಗೆ ಹೇಳಿದೆ. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತೇವೆ. ಕನಸಲ್ಲೂ ಹೊಲಿಗೇನಾ ದೊಡ್ಡಮ್ಮ, ಬಾ ತುದಿ ಹುಡುಕೋಣ ಎಂದು ಅವಳು ನಕ್ಕಳು.

ಅವಳು ಇದುವರೆಗೆ ಹಾರಿರುವುದು ಒಟ್ಟು 94 ಗಂಟೆ. ಮೇಳಕ್ಕೆ ನೂರಾರು ವಿಮಾನ ಒಂದರ ಹಿಂದೊಂದು ಬರುತ್ತವೆ. ಪೈಲಟ್‌ಗಳು ರೇಡಿಯೊದಲ್ಲಿ ಮಾತಾಡುವಂತಿಲ್ಲ, ಕೇಳಿಸಿಕೊಂಡು, ತಿಳಿಯಿತೆಂದು ರೆಕ್ಕೆ ಅಲ್ಲಾಡಿಸಬೇಕು. ರನ್‌ವೇ ಮೇಲೆ ಬಣ್ಣದ ದೊಡ್ಡ ಚುಕ್ಕೆಗಳಿವೆ, ವಿಮಾನಗಳಿಗೆ ದಾರಿ ಹೇಳುವ ಟವರಿನವರು ಕೂಗಿದ ಬಣ್ಣದ ಮೇಲೇ ಇಳಿಯಬೇಕು. ಇದಕ್ಕಾಗಿ ಅವಳು 22 ದಿನ, ಬೆಳಿಗ್ಗೆ 6ರಿಂದ 7ರವರೆಗೆ, ನಮ್ಮ ತಾರಸಿಯಲ್ಲಿ 4 ಅಡಿಗೊಂದರಂತೆ ನನ್ನ ಬಟ್ಟೆ ಚೂರುಗಳನ್ನು ಹಾಸಿ, ಕೈ ಚಾಚಿಕೊಂಡು ನಡೆದಳು. ನಾನು ಸ್ಟೂಲಿನ ಮೇಲೆ ಕುಳಿತು ಬಣ್ಣ ಕೂಗುತ್ತಿದ್ದೆ, ಮರೆಯಬಾರದೆಂದು ಅದೇ ಬಣ್ಣದ ಇನ್ನೊಂದು ಚೂರನ್ನು ಕೈಯಲ್ಲಿ ಹಿಡಿಯುತ್ತಿದ್ದೆ. ಎದುರು ಮನೆಯ ಮೇಷ್ಟ್ರು, ಏನಮ್ಮ, ಹುಡುಗಿಗೆ ರೆಕ್ಕೆ ಮೂಡ್ತಾ ಇದೆಯಾ ಎಂದು ಅಣಕಿಸಿದರು. ರೆಕ್ಕೆ ಮೂಡಿ ಆಯ್ತು ಮೇಷ್ಟ್ರೇ, ಬಾಲ ಒಂದು ಬಾಕಿ ಎಂದು ಅವಳು ನಡೆಯುತ್ತಲೇ ಹೇಳಿದಳು.

ಆಗಾಗ ನನ್ನಿಂದ ಚುಕ್ಕೆಯ ಮೇಲೆ ಬಕೆಟ್ ಇಡಿಸುತ್ತಿದ್ದಳು. ಬಕೆಟ್ ಕಂಡರೆ ನಿಲ್ಲದೆ ತಾರಸಿ ಸುತ್ತಿ ಮತ್ತೆ ಬರುತ್ತಿದ್ದಳು. ಇಳಿಯೋಕೆ ಎಲ್ಲರಿಗೂ ಆಸೆ ದೊಡ್ಡಮ್ಮ, ಇಳಿಯದೆ ಇರೋದನ್ನೇ ಕಲೀಬೇಕು ಎನ್ನುತ್ತಿದ್ದಳು. ನನಗೆ ಈ ವಯಸ್ಸಿಗೂ ಅಷ್ಟು ಬುದ್ಧಿ ಬಂದಿಲ್ಲ.

ಮೇಳದ ಮೊದಲ ದಿನ ನಾನು ಅವಳ ಬಲಗಡೆ ಸೀಟಿನಲ್ಲಿದ್ದೆ. 9 ಗಂಟೆ 42 ನಿಮಿಷಕ್ಕೆ ಟವರಿನವರು, ಮುಂದಿರುವ ನೀಲಿ ವಿಮಾನ ದೂರದ ಕೆಂಪು ಚುಕ್ಕೆಗೆ, ಬಿಳಿ ವಿಮಾನ ಹತ್ತಿರದ ಹಸಿರಿಗೆ ಎಂದರು. ಅಭ್ಯಾಸದಂತೆ, ಜೊತೆಗೆ ತಂದಿದ್ದ ಚೂರುಗಳಲ್ಲಿ ಹಸಿರನ್ನು ಕೈಯಲ್ಲಿ ಹಿಡಿದೆ. ನೀಲಿ ವಿಮಾನ ಕೆಂಪಿನವರೆಗೆ ಹೋಗದೆ ಹಸಿರಿನ ಮೇಲೇ ಇಳಿದು ನಿಂತಿತು. ಆಗ ನಾವು ಎರಡು ಮಹಡಿಯಷ್ಟು ಎತ್ತರದಲ್ಲಿದ್ದೆವು. ಕೈ ನಡುಗಿತು. ಗುಬ್ಬಿ, ಬಕೆಟ್ ದೊಡ್ಡಮ್ಮ ಎಂದಷ್ಟೇ ಹೇಳಿ, ಎಂಜಿನ್ ಜೋರು ಮಾಡಿ ಮೇಲೇರಿದಳು. ಸುತ್ತಿ ಬಂದಾಗಲೂ ಟವರಿನವರು ಹಸಿರೇ ಎಂದರು. 9 ಗಂಟೆ 51ಕ್ಕೆ, ಸೂಜಿಗೆ ದಾರ ಪೋಣಿಸಿದ ಹಾಗೆ ಇಳಿದಳು. ನಮ್ಮ ಸದ್ದಿಗೆ ಬೆದರಿ ನೀಲಿ ವಿಮಾನದವರು ಹುಲ್ಲಿಗೆ ತಿರುಗಿಸಿ ಚಕ್ರ ಮುರಿದುಕೊಂಡರೆಂದು ಆಮೇಲೆ ತಿಳಿಯಿತು.

ಗುಬ್ಬಿಗೆ ಹೇಳಿದ್ದು ಕೆಂಪು, ಅವಳು ತಮ್ಮ ಮೇಲೆ ಎರಗಿದಳು ಎಂಬ ನೀಲಿ ವಿಮಾನದವರ ದೂರು ಸರಿಯಲ್ಲ. ಇದರಿಂದ ಅವಳ ಲೈಸೆನ್ಸ್ ಹೋಗಬಾರದು. ನಾನು ಬೀಗ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಹಿಂತಿರುಗಿ ನೋಡುವವಳು, ನಿಜ. ಆದರೆ 31 ವರ್ಷ ಬಟ್ಟೆಗೆ ದಾರ ಹೊಂದಿಸಿದ್ದೇನೆ, ಬಣ್ಣ ತಪ್ಪಿದವಳಲ್ಲ. ಬೆವರಿಗೆ ಮುದ್ದೆಯಾದ ಆ ಹಸಿರು ಚೂರನ್ನು ಠಾಣೆಗೆ ಒಪ್ಪಿಸಿದ್ದೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ಕಂಡದ್ದು, ಕೇಳಿದ್ದು ಬಿಟ್ಟು ಇದರಲ್ಲಿ ನಾನು ಬೇರೇನೂ ಸೇರಿಸಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಮೇಳದ ಎರಡನೇ ದಿನ, ಮಧ್ಯಾಹ್ನ 12.20
ಸಹಿ

ಸಹಿಯ ನಂತರ ಹೇಳಿದ್ದು: ಕೈ ನಡುಗಿತು ಎಂದಿರುವ ಕಡೆ ಯಾರ ಕೈ ಎಂದು ಬರೆದಿದೆಯೋ, ದಯವಿಟ್ಟು ಇನ್ನೊಮ್ಮೆ ನೋಡಬೇಕು. ನಡುಗಿದ್ದು ನನ್ನದು, ಅವಳದಲ್ಲ.