ಶರಣಮ್ಮನ ನೆರಳು

ಬಸುರಿ ಹೆಣ್ಣುಮಗಳು ಇರೋ ಮನ್ಯಾಗ ಹಾವು ಹೊಡೀಬಾರದು. ನಮ್ಮ ಮನಿ ಕಟ್ಟಳಿ ಅದು, ನಮ್ಮಪ್ಪನ ಕಾಲದಿಂದ ಬಂದದ್ದು, ಮತ್ತ ಅದನ್ನ ನಾವೆಲ್ಲಾರೂ ಮುರದೀವಿ. ನಿಮ್ಮ ದೊಡ್ಡ ತಾತ ಮುರದ, ನಿಮ್ಮ ಅಜ್ಜಿ ಮುರದ್ಲು, ನಿಮ್ಮಪ್ಪ ಮುರದ, ನಾನೂ ಮುರದೆ. ಅದಕ್ಕ ಹೇಳಿದ್ದು, ಕೋಲು ಕೆಳಗಿಡು ಅಂತ. ಅಲ್ಲಲ್ಲ, ಗ್ವಾಡಿಗೆ ಹಚ್ಚಿ ಸರಿಯಾಗಿ ಇಡು. ಹಾವು ಹಿಡಿಯೋನಿಗೆ ಫೋನ್ ಮಾಡೀನಿ, ಆದವಾನಿ ಬಿಟ್ಟಾನಂತ, ಹೊಳಗುಂದ ದಾಟಿ ಇಲ್ಲಿಗೆ ಬರಾಕ ಇನ್ನೂ ಒಂದು ತಾಸು ಬೇಕು. ಅಲ್ಲೀತನ ಹಾವು ಹೊಕ್ಕ ಬಚ್ಚಲ ಬಾಗಿಲ ಮ್ಯಾಲೆ ಕಣ್ಣಿಟ್ಟು ಈ ಕಟ್ಟಿ ಮ್ಯಾಲೆ ಕುಂದ್ರಿ. ಈಗ ಮನ್ಯಾಗ ಯಾರೂ ಬಸುರಿಲ್ಲಲ್ಲ ತಾತ, ಅಂತೀಯಾ ನಿಂಗಿ? ಶಾಣ್ಯಾಕಿ. ಆಗ ಇದ್ಲು. ನಿಮ್ಮವ್ವ ಶರಣಮ್ಮ. ಹೊಟ್ಟ್ಯಾಗ ಇದ್ದಾಕಿ ನೀನು.

ನಾನು ಆಗ ಈ ಮನ್ಯಾಗ ಹೆಂಗಿದ್ದೆ ಅನ್ನೋದು ಮೊದಲು ತಿಳಕೋಬೇಕು, ಇಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ. ನಮ್ಮಪ್ಪ ನನ್ನೊಬ್ಬನ್ನ ಆದವಾನ್ಯಾಗ ಇಂಗ್ಲೀಷ್ ಮೀಡಿಯಂ ಸಾಲಿಗೆ ಹಾಕಿದ. ಅಣ್ಣ, ಅಂದ್ರ ನಿಮ್ಮ ದೊಡ್ಡ ತಾತ, ಹೊಲಕ್ಕ, ನಾನು ಬೂಟು ಟೈಗೆ. ಓದಿ ಅಲ್ಲೇ ಜಿನ್ನಿಂಗ್ ಫ್ಯಾಕ್ಟರ್ಯಾಗ ಹತ್ತಿ ನೋಡೋ ಕೆಲಸ ಹಿಡದೆ. ಚಿಟಿಕಿ ಹತ್ತಿ ಎರಡು ಕೈಯಾಗ ಹಿಡದು ಎಳದು, ಎಳಿ ಎಷ್ಟುದ್ದ ಐತಿ ಅಂತ ಕಣ್ಣಿಲೇ ಹೇಳಬೇಕು. ನಾನು ಹೇಳಿದ್ದು ಕೂದಲೆಳಿಯಷ್ಟೂ ಹೆಚ್ಚು ಕಡಿಮಿ ಆಗ್ತಿರಲಿಲ್ಲ. ಮೂವತ್ತು ವರ್ಷ, ಅಲ್ಲ, ಮೂವತ್ತೊಂದು. ಆಮ್ಯಾಲೆ ಫ್ಯಾಕ್ಟರಿ ಮುಚ್ಚಿತು. ನಿಮ್ಮ ಸಣ್ಣಜ್ಜಿ ತೀರಿಕೊಂಡು ಆಗಲೇ ಎರಡು ವರ್ಷ ಆಗಿತ್ತು, ಮಕ್ಕಳಿಲ್ಲ. ಒಂದು ಟ್ರಂಕು, ಫ್ಯಾಕ್ಟರಿಯೋರು ಕೊಟ್ಟಿದ್ದ ಮೂರು ಸೆಲ್ಲಿನ ಬ್ಯಾಟರಿ, ಇಷ್ಟು ತಗೊಂಡು ಅಣ್ಣನ ಮನಿಗೆ ಬಂದೆ. ಬಂದ ದಿನ ಅಣ್ಣ ಚಲೋ ಮಾತಾಡಿದ. ಎರಡನೇ ತಿಂಗಳಿಗೆ "ಇಂಗ್ಲೀಷ್ ದೊರಿ ಎದ್ದನೇನು?" ಅನ್ನಾಕ ಹತ್ತಿದ. ನಾಕನೇ ತಿಂಗಳಿಗೆ ಹೊಲದಿಂದ ಬಂದ ಕೂಡಲೇ, ಕಾಲು ತೊಳಿಯೋಕಿಂತ ಮೊದಲು ಕೇಳ್ತಿದ್ದ, "ದೊರಿ ಉಂಡನೇನು?" ಉಂಡಿರ್ತಿದ್ದೆ. ಅದ ಸಂಕಟ. ಎರಡು ಜ್ವಾಳದ ರೊಟ್ಟಿ, ಪುಂಡಿಪಲ್ಯ. ಮೂರನೇ ರೊಟ್ಟಿ ನಾನು ಎಂದೂ ಕೇಳಿಲ್ಲ. ಕೇಳದಿದ್ರೂ ಹಾಕ್ತಿದ್ದಾಕಿ ನಿಮ್ಮವ್ವ ಒಬ್ಬಾಕಿ. "ಹಿಟ್ಟು ಉಳದಿತ್ತ್ರಿ ಸಣ್ಣಮಾವಾರ" ಅಂತ ಸುಳ್ಳು ಹೇಳಿ ಹಾಕ್ತಿದ್ಲು. ಇದನ್ನ ನೆನಪಿಟ್ಗೋರಿ.

ಆ ವರ್ಷ ಹತ್ತಿ ಮನ್ಯಾಗ ಬಿದ್ದಿತ್ತು, ರೇಟು ಏರಲಿ ಅಂತ ಅಣ್ಣ ಕಾಯ್ತಿದ್ದ. ಅಗೋ ಆ ಕೋಣಿ, ಈಗ ನೀವು ಸೈಕಲ್ ನಿಂದ್ರಸ್ತೀರಲ್ಲ, ಅದರಾಗ ತೊಲಿಮಟ ಹತ್ತಿ. ನಾಳೆ ಲಾರಿ ಬರ್ತೈತಿ ಅನ್ನೋ ದಿನ ಚೀಲ ತುಂಬಾಕ ಬಂದಿದ್ದ ಹೆಣ್ಣುಮಕ್ಕಳು ಚೀರಿಕೊಂತ ಹೊರಗ ಬಂದ್ರು. ಹತ್ತಿ ಬುಡಕ, ಗ್ವಾಡಿ ಮೂಲ್ಯಾಗ ನಾಗರಹಾವು. ಅದನ್ನ ತಗಿಯೋತನ ನಾವು ಒಳಗ ಕಾಲಿಡಂಗಿಲ್ಲ ಅಂದ್ರು. ಅವರ ತಪ್ಪೇನೂ ಇಲ್ಲ, ಬರಿಗೈ ಬರಿಗಾಲಿಲೇ ಮಾಡೋ ಕೆಲಸ ಅದು.

ಈಗ ನಿಮ್ಮ ಅಜ್ಜಿ ಮಾತು ಕೇಳ್ರಿ. ಸೊಸಿ ಬಸುರಿ ಅಂತ ಮಗನ ಕೈಲೇ ಬೂದುಗುಂಬಳಕಾಯಿ ಸೈತ ಒಡಿಸಿರಲಿಲ್ಲ ಆಕಿ, ಬೈಕಿನ ಪೂಜಿ ಬರೇ ನಿಂಬಿಹಣ್ಣಿನಾಗ ಮುಗಿಸಿದ್ಲು. ಹೊಟ್ಟ್ಯಾಗಿನ ಕೂಸಿಗೆ ಆಗಂಗಿಲ್ಲಂತ. ಅಂಥಾಕಿ ಸೊಂಟದ ಮ್ಯಾಲೆ ಕೈಯಿಟ್ಟು ಏನಂದ್ಲು, "ಹೊಡೀಬಾರದ್ದು ನಮ್ಮ ಮಂದಿ. ಹಮಾಲಿ ಹನುಮ ಹೊಡದ್ರ ನಮಗೇನು?"

"ಹತ್ತಿಯೊಳಗ ಹೊಕ್ಕಿತಂದ್ರ ಹೆಂಗವ್ವ? ಎಲ್ಲೀಂತ ಹುಡುಕೂದು?" ಅಂದ ನಿಮ್ಮಪ್ಪ ಮಲ್ಲಿ.

"ಎಲ್ಲಿ ಹೊಕ್ಕತೈತಿ? ಬಸುರಿ ನೆರಳು ಬಿದ್ರ ಸರ್ಪಕ್ಕ ಕಣ್ಣು ಹೋಗ್ತಾವ, ಕುಂತಲ್ಲೇ ಕುಂದರ್ತೈತಿ. ಶರಣೀನ ಬಾಗಲದಾಗ ನಿಂದ್ರಸ್ರಿ."

ಕೂಸಿಗೆ ಆಗಂಗಿಲ್ಲ ಅಂದಿದ್ದ ಬಾಯೀನ ಹಂಗಂದಿತು. ಯಾರೂ ನಗಲಿಲ್ಲ. ಏಳು ತಿಂಗಳ ಹೆಣ್ಣುಮಗಳನ್ನ ರೆಟ್ಟಿ ಹಿಡದು ತಂದು ಬಾಗಲದಾಗ ನಿಂದ್ರಿಸಿದ್ರು. ಆ ಕೋಣ್ಯಾಗ ಬಲ್ಬ್ ಇರಲಿಲ್ಲ, ಹತ್ತಿಗೆ ಕಿಡಿ ಬಿದ್ದೀತಂತ ಅಣ್ಣ ಕರೆಂಟು ಎಳಸಿರಲಿಲ್ಲ. "ಏ ದೊರಿ, ನಿನ್ನ ಬ್ಯಾಟರಿ ತಾ. ಆಕಿ ಹಿಂದ ನಿಂತು ಹಿಡಿ, ನೆರಳು ಉದ್ದ ಬೀಳ್ಲಿ" ಅಂದ. ತಂದೆ. ಹಿಡದೆ. ನೆರಳು ಹೋಗಿ ಹಾವಿನ ಮ್ಯಾಲೆ ಬಿತ್ತು, ಹಾವು ಅಲುಗಾಡಲಿಲ್ಲ. ಹನುಮ ಬಗ್ಗಿ ನೋಡಿ ಅಂದ, "ಅಯ್ಯಪ್ಪ, ಖರೇನ ಹೋಗ್ಯಾವ್ರಿ ಕಣ್ಣು, ಬೆಳ್ಳಗ ಆಗ್ಯಾವ ನೋಡ್ರಿ." ನಾನೂ ನೋಡಿದೆ. ಖರೇನ ಬೆಳ್ಳಗ ಇದ್ದುವು, ಹಾಲು ಸುರದಂಗ.

ಅದು ಪೊರಿ ಬಿಡೋ ಹಾವು. ಪೊರಿ ಬಿಡೋಕಿಂತ ಮೊದಲು ನಾಕಾರು ದಿನ ಹಾವಿನ ಕಣ್ಣಿಗೆ ಹಂಗ ಪರದಿ ಬರ್ತೈತಿ, ಸರಿಯಾಗಿ ಕಾಣಂಗಿಲ್ಲ, ಅದಕ್ಕ ಅದು ಮೂಲಿ ಹಿಡದು ಕುಂದರ್ತೈತಿ. ಕಾಣದ ಹಾವು ಹೆಚ್ಚು ಅಂಜಿರ್ತೈತಿ, ನೆಲ ನಡುಗಿದ ಕಡೆ ಬಾಯಿ ಹಾಕ್ತೈತಿ. ನನಗ ಇದು ಒಂಬತ್ತನೇ ಕ್ಲಾಸಿನಿಂದ ಗೊತ್ತು. ಚಿತ್ರ ಬರದು ಮಾರ್ಕ್ಸ್ ತಗೊಂಡೀನಿ. ಆ ಬಾಗಲದಾಗ ಅದು ಗೊತ್ತಿದ್ದೋನು ನಾನೊಬ್ಬನ. ನಾನು ಬ್ಯಾಟರಿ ಹಿಡಕೊಂಡು ಸುಮ್ಮನ ನಿಂತೆ.

ಹನುಮನ ಮೊದಲನೇ ಏಟು ಬೆನ್ನಿಗೆ ಬಿತ್ತು. ಸಾಯಲಿಲ್ಲ. ಹೆಡಿ ಎತ್ತಿತು, ಆದ್ರ ಏಟು ಎಲ್ಲಿಂದ ಬಂತು ಅಂತ ಅದಕ್ಕ ತಿಳೀಲಿಲ್ಲ, ಬರೇ ಗ್ವಾಡಿಗೆ ಬುಸ್ ಅನ್ನಾಕ ಹತ್ತಿತು. ಅದು ಹಂಗ ಗ್ವಾಡಿಗೆ ಬುಸ್ ಅನ್ನೋದು ನೋಡಿ ಎಲ್ಲಾರಿಗೂ ಧೈರ್ಯ ಬಂತು. ನಿಮ್ಮಪ್ಪ ಬಡಿಗಿ ತಗೊಂಡ. ಅಣ್ಣ ಗುದ್ದಲಿ ತಗೊಂಡ. ನಿಮ್ಮ ಅಜ್ಜಿ ಹೊರಗಿಂದ ಒನಕಿ ಕೊಟ್ಲು. ಹಮಾಲಿ ಹೊಡದ್ರ ನಮಗೇನು ಅಂದಾಕಿ. ಶರಣಮ್ಮ ಮಾರಿ ತಿರುವಿದ್ರ ಅಣ್ಣ ಒದರ್ತಿದ್ದ, "ಸರೀಬ್ಯಾಡ, ನೆರಳು ಸರಿದೀತು." ಅರ್ಧ ತಾಸು, ಅಲ್ಲ, ಇಪ್ಪತ್ತೆರಡು ನಿಮಿಷ, ನಾನು ಗಡಿಯಾರ ನೋಡಿದ್ದೆ. ಸತ್ತ ಮ್ಯಾಲೆ ಅದಕ್ಕ ತುಪ್ಪ ಸವರಿ, ಬಾಯಾಗ ತಾಮ್ರದ ಬಿಲ್ಲಿ ಇಟ್ಟು, ಬೆಣಚಿಕಲ್ಲಿನ ದಿಬ್ಬದ ಹತ್ರ ಕಟಿಗಿ ಒಟ್ಟಿ ಸುಟ್ರು. ಕೈಮುಗದ್ರು. ಅವತ್ತು ಊಟಕ್ಕ ಕುಂತಾಗ ಅಣ್ಣ ಅಂದ, "ದೊರಿಗೆ ಇನ್ನೊಂದು ರೊಟ್ಟಿ ಹಾಕ್ರಿ, ಇವತ್ತು ದುಡದಾನ." ಅದನ್ನ ನಾನು ಉಂಡೆ.

ಸುದ್ದಿ ನಿಂದ್ರತೈತೇನು? ಮೂರು ದಿನಕ್ಕ ಆಚಿ ಓಣಿ ತೆಲುಗರಾತ ಬೈಕ್ ಮ್ಯಾಲೆ ಬಂದ. "ಅನ್ನಾ, ಮೀ ಕೋಡಲ್ನಿ ಒಕ್ಕಸಾರಿ ಪಂಪಿಸ್ತಾರಾ?" ಅಂದ. ನಿಮ್ಮ ಸೊಸೀನ ಒಂದು ಸಲ ಕಳಸ್ತೀರಾ ಅಂತ, ನಿಚ್ಚಣಿಕಿ ಕೇಳಿದಂಗ. ಅಣ್ಣನ ಮಾರಿ ನೀವು ನೋಡಬೇಕಿತ್ತು, ಮೀಸಿ ತಿರುವೋದೊಂದು ಬಾಕಿ. "ಅದಕ್ಕೇನು, ಬರ್ತಾಳ ತಗೋ" ಅಂದ. ಸೊಸೀನ ಕೇಳಲೇ ಇಲ್ಲ. ನಿಮ್ಮಪ್ಪ ಆಟೋ ತಂದ. ಬ್ಯಾಟರಿ ಹಿಡಿಯೋ ಕೆಲಸ ನಂದು, ಹಿಂದಿನ ಸೀಟಿನಾಗ ನಾನು. ಅವರ ಹೊಲದ ಮೋಟರ್ ರೂಮಿನಾಗ ಇದ್ದದ್ದು ಕೇರೆಹಾವು, ಇಲಿ ತಿನ್ನೋದು, ಯಾರಿಗೂ ಏನೂ ಮಾಡಂಗಿಲ್ಲ. ನೆರಳಿಗೆ ನಿಂದ್ರೋ ಬದಲು ಅದು ಬಾಗಲದ ಕಡೇನ ಓಡಿಬಂತು. ಬಾಗಲದಾಗ ಶರಣಮ್ಮ. ಆಕಿ ಕಾಲ ನಡುವ ಹಾಯ್ತು. ಆಕಿ ಹಿಂದಕ ಬಿದ್ಲು, ಪೈಪಿನ ಮ್ಯಾಲೆ, ಸೊಂಟಕ್ಕ ಏಟು. ನಾಕು ಮಂದಿ ಆಕಿನ್ನ ದಾಟಿಕೊಂಡು ಹಾವಿನ ಹಿಂದ ಓಡಿದ್ರು. ದಾಟಿಕೊಂಡು. ಹೊಡದು ಬಂದು ಹೇಳಿದ್ರು, "ನೆರಳು ಬಿದ್ದಿದ್ದಕ್ಕ ಓಟ ಕಡಿಮಿ ಆಗಿತ್ರಿ." ಆಕಿಗೆ ಒಂದು ಕುಬಸದ ಬಟ್ಟಿ ಕೊಟ್ರು.

ಮರುದಿನ ಮಧ್ಯಾಹ್ನದ ತನಕ ಹೊಟ್ಟ್ಯಾಗ ನೀನು ಅಲುಗಾಡಲಿಲ್ಲ, ನಿಂಗಿ. ನಿಮ್ಮವ್ವ ಯಾರಿಗೂ ಹೇಳದ ಒಲಿ ಮುಂದ ಕುಂತು ಹೊಟ್ಟಿ ಒತ್ತಿ ಒತ್ತಿ ನೋಡಿಕೊಳ್ತಿದ್ಲು. ಕಡೀಗೆ ಆದವಾನಿ ದವಾಖಾನಿಗೆ ಒಯ್ದ್ರು. ಡಾಕ್ಟರಮ್ಮ ಎದಿ ಬಡಿಯೋದು ಕೇಳಿಸಿಕೊಂಡು, "ಕೂಸು ಐತಿ. ಇನ್ನೊಮ್ಮೆ ಬಿದ್ಲಂದ್ರ ಇರಂಗಿಲ್ಲ, ಹಾಸಿಗಿ ಬಿಟ್ಟು ಎಬ್ಬಿಸಬ್ಯಾಡ್ರಿ" ಅಂದ್ಲು. ಇಂಗ್ಲೀಷಿನಾಗ ಬರದಿದ್ದ ಚೀಟಿ ಅಣ್ಣ ನನ್ನ ಕೈಗೆ ಕೊಟ್ಟ. ಓದಿ ಹೇಳಿದೆ, ಒಂದು ಅಕ್ಷರ ಬಿಡಲಿಲ್ಲ. ಎಲ್ಲಾರೂ ತಲಿ ಅಲ್ಲಾಡಿಸಿದ್ರು.

ಐದು ದಿನ. ಐದನೇ ದಿನ ಸಂಜಿಮುಂದ ಸಾವುಕಾರರ ಮನಿಯಿಂದ ಆಳು ಬಂದ. ಅವರ ದನದ ಮನಿ ಹಿಂದ ಶೇಂಗಾ ಹೊಟ್ಟಿನ ಕೋಣ್ಯಾಗ ನಾಗರಹಾವು, ಬರಬೇಕಂತ. ಅಣ್ಣ ಸ್ವಲ್ಪ ಹೊತ್ತು ಮೀಸಿ ಎಳಕೊಂಡ. ಸಾವುಕಾರರ ಟ್ರ್ಯಾಕ್ಟರ್ ಇಲ್ಲಂದ್ರ ನಮ್ಮ ಹೊಲ ಹರಗಾಕ ಆಗಂಗಿಲ್ಲ. "ದೂರ ಏನಿಲ್ಲ, ನಾಕು ಹೆಜ್ಜಿ. ನಿಂತು ಬಂದ್ರಾತು" ಅಂದ. ನಿಮ್ಮ ಅಜ್ಜಿ, "ಈ ಸಲ ಬೀಳದಂಗ ಇಬ್ಬರು ಹಿಡಕೋರಿ" ಅಂದ್ಲು. ನಿಮ್ಮಪ್ಪ ಹೆಂಡ್ತಿ ಮಾರಿ ನೋಡಲಿಲ್ಲ, ಚಪ್ಪಲಿ ಹುಡುಕಿದ. ಡಾಕ್ಟರಮ್ಮನ ಚೀಟಿ ನನ್ನ ಕಿಸೆದಾಗ ಇತ್ತು. ನಾನು ಬ್ಯಾಟರಿಗೆ ಹೊಸಾ ಸೆಲ್ ಹಾಕಿಕೊಂಡೆ.

ಆ ಕೋಣಿಗೆ ಕಿಟಕಿಲ್ಲ, ಗಿಡ್ಡ ಬಾಗಿಲು, ಒಳಗ ಸಂಜಿಮುಂದ ಕಗ್ಗತ್ತಲು. ಬಾಗಲದಿಂದ ನೆರಳು ಮುಟ್ಟಂಗಿಲ್ಲಂತ ಆಕಿನ್ನ ಒಳಗ ಕರಕೊಂಡು ಹೋದ್ರು. ನಾನು ಹಿಂದ, ಎರಡೂ ಕಡೆ ಬಡಿಗಿ ಹಿಡದ ಏಳು ಮಂದಿ. ಹಿಡಕೊಂತೀವಿ ಅಂದಿದ್ದ ಇಬ್ಬರು ಹಾವು ಕಂಡ ಕೂಡಲೇ ಕೈ ಬಿಟ್ರು. ಶೇಂಗಾ ಹೊಟ್ಟಿನ ಗುಂಪಿ ಮ್ಯಾಲೆ ಹೆಡಿ ಬಿಚ್ಚಿ ನಿಂತಿತ್ತು, ಮೂರು ಮಾರು ದೂರ ಸೈತ ಇಲ್ಲ. ಹೊಸಾ ಪೊರಿ, ಮಿರಿಮಿರಿ ಮಿಂಚ್ತಿತ್ತು. ಆಕಿ ನೆರಳು ಅದರ ಮ್ಯಾಲೆ ಬಿತ್ತು. ಅದು ತಲಿ ಓರಿ ಮಾಡಿ ಆಕಿನ್ನ ನೋಡಿತು. ಆಕಿ ಕಾಲು ನಡುಗ್ತಿದ್ದುವು, ನೆರಳೂ ನಡುಗ್ತಿತ್ತು, ನೆರಳು ನಡುಗಿದಂಗ ಹಾವಿನ ಹೆಡಿ ಅತ್ತ ಇತ್ತ ಹೊಯ್ದಾಡಾಕ ಹತ್ತಿತು.

"ಸಣ್ಣಮಾವಾರ," ಅಂದ್ಲು. ತಿರುಗಿ ನೋಡಲಿಲ್ಲ, ದನಿನೂ ಏರಿಸಲಿಲ್ಲ. "ನೀವು ಓದಿದೋರು. ನನ್ನ ನೆರಳಿಗೆ ಇದರ ಕಣ್ಣು ಹೋಗ್ಯಾವೇನ್ರಿ?"

ಏಳೂ ಮಂದಿ ನನ್ನ ಕಡೆ ನೋಡಿದ್ರು. ಅಣ್ಣ ನೋಡಿದ. ಸಾವುಕಾರ ಬಾಗಲದಾಗ ಬಗ್ಗಿ ನೋಡಿದ. ಹಾವಿನ ಕಣ್ಣು ಎರಡು ಕರಿಮಣಿಯಂಗ ಇದ್ದುವು, ಒಂದು ಪರದಿಲ್ಲ, ಏನಿಲ್ಲ. "ಇಲ್ಲಮ್ಮ" ಅಂದ್ರ ಮುಗೀತಿತ್ತು, ಒಂದ ಮಾತು. ಮರುದಿನದಿಂದ "ದೊರಿ ಉಂಡನೇನು" ಅಂತ ಕೇಳೋರೂ ಇರ್ತಿರಲಿಲ್ಲ, ಟ್ರಂಕು ಬಾಗಿಲಿಗೆ ಬರ್ತಿತ್ತು, ಅದೂ ಖರೆ. ನಾನು ನನ್ನ ಎರಡು ರೊಟ್ಟಿ ನೆನಸಿಕೊಂಡೆ. ಸುಳ್ಳು ಹೇಳಿ ಮೂರನೇದು ಹಾಕ್ತಿದ್ದಾಕಿ ಮುಂದ ನಿಂತಿದ್ಲು, ಆಕೀನ ನೆನಸಲಿಲ್ಲ.

"ನಿಂದ್ರಮ್ಮ," ಅಂದೆ. "ಇನ್ನ ಸ್ವಲ್ಪ ಹೊತ್ತು."

ಹಾವು ಕೊಲ್ಲೋದು ಬಿಡೋದು ಆಮ್ಯಾಲಿನ ಮಾತು, ಹುಡುಗ್ರಾ. ಗೊತ್ತಿದ್ದದ್ದನ್ನ ಕೇಳಿದಾಗ ಹೇಳ್ರಿ. ಊಟ ತಪ್ಪಿದ್ರ ತಪ್ಪಲಿ. ಹೇಳಾಕ ಬಾಯಿ ಬರದಿದ್ರ ಕನಿಷ್ಠ ಬ್ಯಾಟರಿ ಹಿಡೀಬ್ಯಾಡ್ರಿ. ಅಷ್ಟ.

ನಿಮ್ಮವ್ವ ಒಂದೊಂದ ಹೆಜ್ಜಿ ಹಿಂದಕ ಸರಕೊಂತ ನನ್ನ ಮಟ ಬಂದ್ಲು. ಅಣ್ಣ ಹಲ್ಲು ಕಚ್ಚಿಕೊಂಡು "ಏ, ಎಲ್ಲಿ ಹೊಂಟಿ, ನಿಂದ್ರು" ಅಂತ ಪಿಸುಗುಟ್ಟಿದ. ಆಕಿ ಕೇಳಿಸಿಕೊಳ್ಳಲಿಲ್ಲ. ನನ್ನ ಕೈಯಾಗಿನ ಬ್ಯಾಟರಿ ಕಸಗೊಂಡು, ಬಟನ್ ಒತ್ತಿ ಆರಿಸಿದ್ಲು. ಕತ್ತಲಾತು. ನೆರಳಿಲ್ಲ, ಹಾವು ಎಲ್ಲೈತಿ ಕಾಣಂಗಿಲ್ಲ. ಬಡಿಗಿ ಬಿದ್ದ ಸಪ್ಪಳ ಮೊದಲು, ಆಮ್ಯಾಲೆ ಚಪ್ಪಲಿ ಸಪ್ಪಳ, ಏಳು ಮಂದಿ ಒಬ್ಬರನ್ನೊಬ್ಬರು ತುಳಕೊಂಡು ಆ ಗಿಡ್ಡ ಬಾಗಲದಿಂದ ಹೊರಗ ಬಿದ್ರು, ಎಲ್ಲಾರಕಿಂತ ಮೊದಲು ನಾನು. ಆಕಿ ಓಡಲಿಲ್ಲ. ಗ್ವಾಡಿ ಹಿಡಕೊಂಡು, ಹೊಟ್ಟಿ ಹಿಡಕೊಂಡು ಕಡೀಗೆ ಬಂದ್ಲು, ಹೊರಗ ಬಂದು ಬಾಗಿಲು ಹಾಕಲಿಲ್ಲ, ಪೂರಾ ತೆಗದು ಮುಚ್ಚದಂಗ ಕಲ್ಲು ಇಟ್ಲು, ಹಾವು ಹೋಗಲಿ ಅಂತ. ಆಮ್ಯಾಲೆ ಬ್ಯಾಟರಿ ಸೆರಗಿನಾಗ ಸುತ್ತಿಕೊಂಡು, ಯಾರ ಮಾರೀನೂ ನೋಡದ, ಓಣಿ ನಟ್ಟನಡುವ ಮನಿ ಕಡೆ ನಡದ್ಲು.