ಮೂರು ಸೆಕೆಂಡಿಗೊಂದು ಸುತ್ತು

ಹಲೋ... ಯಾರು ಮಾತಾಡೋದು?... ಆ ಗಲಾಟೇಲಿ ಏನೂ ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ... ಓ, ಭಾವ, ನೀವಾ? ಆಫೀಸಿನ ಫೋನಿಗೆ ಮಾಡಿದೀರಲ್ಲ, ಗೊತ್ತೇ ಆಗ್ಲಿಲ್ಲ.

...

ಹಾಂ, ಹೇಳಿ. ಅಕ್ಕ ಚೆನ್ನಾಗಿದಾಳೆ ತಾನೆ?... ಕೆಲಸಕ್ಕೆ ಹೋದ್ಳಾ, ಸರಿ. ನೀವೆಲ್ಲಿ?... ಯಾವ ಹಾಲ್?... ಅಯ್ಯೋ ಭಾವ! ಹಾಡುಹಗಲು ಜೂಜಿನ ಹಾಲಲ್ಲಿ ಕೂತು, ಆ ಸ್ಲಾಟ್ ಮೆಷಿನ್ನಿನ ಲೆಕ್ಕ ಬರೆದ ನಾದಿನಿಗೇ ಫೋನಾ? ಕಳ್ಳ ಬಂದು ಪೊಲೀಸರ ಹತ್ರಾನೇ ದಾರಿ ಕೇಳಿದ ಹಾಗಾಯ್ತು.

...

ಇಲ್ಲ. ‘ಇಷ್ಟು ಹೊತ್ತು ನುಂಗಿದೆ, ಈಗ ಕೊಡುತ್ತೆ’ ಅನ್ನೋದೆಲ್ಲ ಸುಳ್ಳು. ಒಳಗಿನ ಕಂಪ್ಯೂಟರ್ ಚಿಪ್ ಪುರುಸೊತ್ತಿಲ್ದೆ ಸಂಖ್ಯೆ ಹುಟ್ಟಿಸ್ತಾ ಇರುತ್ತೆ. ನೀವು ಗುಂಡಿ ಒತ್ತಿದ ಗಳಿಗೇಲಿ ಯಾವುದು ಸಿಕ್ತೋ ಅದೇ ಗಟ್ಟಿ. ಚಕ್ರ ತಿರುಗೋದು ಬರೀ ನಾಟಕ. ನೀವೆಷ್ಟು ಸೋತಿದೀರಿ ಅನ್ನೋದು ಅದಕ್ಕೆ ನೆನಪೇ ಇರಲ್ಲ.

...

ಎಲ್ಲಿ ಬರೆದಿದೆ?... ಹಾಂ, ಮೆಷಿನ್ ಮೇಲೆ, ನೂರಕ್ಕೆ ತೊಂಬತ್ತಾರು ವಾಪಸ್ ಅಂತ. ಆ ಲೆಕ್ಕ ಕೂಡಿಸಿದ್ದೇ ನಾನು, ನಂಗೆ ಹೇಳ್ತೀರಲ್ಲ! ನೂರು ಸಲಕ್ಕೆ ತೊಂಬತ್ತಾರು ಸಲ ಗೆಲ್ತೀರಿ ಅಂತ ಅಲ್ಲ ಅದರರ್ಥ. ಊರೋರೆಲ್ಲ ಸೇರಿ ಹಾಕಿದ ನೂರರಲ್ಲಿ ತೊಂಬತ್ತಾರು ಯಾರ್ಯಾರಿಗೋ ವಾಪಸ್ ಹೋಗುತ್ತೆ, ಅಷ್ಟೇ. ಬಂದಿದ್ದನ್ನೇ ಮತ್ತೆ ಹಾಕ್ತೀರಿ, ಮತ್ತೆ ನಾಲ್ಕು ಕಡಿಯುತ್ತೆ, ಮತ್ತೆ ನಾಲ್ಕು...

...

ಗೊತ್ತು. ಎರಡು ಏಳು ಸಾಲಾಗಿ ಬಂದು, ಮೂರನೇ ಏಳು ಗೆಲ್ಲೋ ಗೆರೆಯಿಂದ ಒಂದೇ ಮನೆ ಮೇಲೆ ನಿಲ್ತು, ಅಲ್ವಾ? ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅನ್ನಿಸ್ತು, ಅಲ್ವಾ? ಅದು ಅಲ್ಲೇ ಜಾಸ್ತಿ ನಿಲ್ಲೋ ಹಾಗೆ ಬರೆದಿರೋರು ನಾವೇ. ಮೂಗಿಗೆ ತುಪ್ಪ ಸವರೋಕೆ... ನಗಬೇಡಿ ಭಾವ.

...

ಅದ್ಸರಿ, ಇವತ್ತು ಪುಟ್ಟೀನ ನೀವೇ ನೋಡ್ಕೋಬೇಕಿತ್ತಲ್ವಾ? ಯಾರ ಹತ್ರ ಬಿಟ್ಟಿದೀರಿ?... ಎಲ್ಲಿ?... ಕಾರಲ್ಲಾ?

...

ನಿದ್ದೆ ಮಾಡ್ತಿದಾಳೆ ಅಂತ ಬಿಟ್ಟು ಬಂದ್ರಾ? ಕಿಟಕಿ?... ಒಂದು ಬೆರಳಷ್ಟು ಇಳಿಸಿದೀರಾ? ನೆರಳಿದೆಯಾ?... ನೆರಳಿದೆಯಾ ಅಂತ ಕೇಳಿದೆ. ಹೊರಗೆ ಬಿಸಿಲು ಹೇಗಿದೆ ನೋಡಿದೀರಾ?... ಎಷ್ಟೊತ್ತಾಯ್ತು ಬಂದು?

...

ಹತ್ತೇ ನಿಮಿಷ ಅಂತ ಹೇಗೆ ಹೇಳ್ತೀರಿ? ಬಂದಾಗ ಎಷ್ಟು ಗಂಟೆ?... ನೋಡ್ಲಿಲ್ಲ, ಅಲ್ವಾ? ಅಲ್ಲಿ ಗೋಡೇಲಿ ಗಡಿಯಾರಾನೂ ಇರಲ್ಲ, ಕಿಟಕೀನೂ ಇರಲ್ಲ. ಪರದೆ ಬಲಗಡೆ ಮೂಲೇಲಿ ಸಣ್ಣದೊಂದು ಸಂಖ್ಯೆ ಇದೆ, ಎಷ್ಟು ಸುತ್ತು ಆಡಿದೀರಿ ಅಂತ. ಓದಿ... ಇನ್ನೊಂದ್ಸಲ ಓದಿ...

...

ಸಾವಿರದ ಇನ್ನೂರಾ? ಭಾವ, ಒಂದು ಸುತ್ತಿಗೆ ಮೂರು ಸೆಕೆಂಡು. ಅದಕ್ಕಿಂತ ಬೇಗ ಅದು ತಿರುಗೋದೇ ಇಲ್ಲ. ಹತ್ತು ನಿಮಿಷ ಅಲ್ಲ, ನೀವು ಕೂತು ಒಂದು ಗಂಟೆ ಆಯ್ತು.

...

ಏಳಿ. ಈಗ್ಲೇ ಏಳಿ... ಮೇಡಂ, ಸ್ವಲ್ಪ ಈ ಟೇಬಲ್ ಹತ್ರ ಬನ್ನಿ, ನಿಮ್ಮ ಫೋನಿಂದ ನಮ್ಮ ಭಾವ ಕೂತಿರೋ ಜೂಜಿನ ಹಾಲ್‌ನ ಗೇಟ್ ಸೆಕ್ಯೂರಿಟಿಗೆ ಮಾಡಿ! ಬಿಳಿ ಕಾರು, ಒಳಗೆ ಮಗು ಇದೆ, ಗಾಜು ಒಡೀರಿ ಅನ್ನಿ... ಭಾವ, ಇದೀರಾ? ಏನದು ಹಾಡು? ಪುಕ್ಕಟೆ ಬೋನಸ್ ಸುತ್ತು ಶುರುವಾಯ್ತಾ?

...

ಬೇಡ ಭಾವ, ಕೇಳಿ. ಅದರಲ್ಲಿ ಎಷ್ಟು ಬರ್ಬೇಕು ಅಂತ ಆಗ್ಲೇ ತೀರ್ಮಾನ ಆಗಿಹೋಗಿದೆ. ನೀವು ಕೂತ್ರೂ ಅಷ್ಟೇ, ಎದ್ರೂ ಅಷ್ಟೇ. ಜನ ಎದ್ದು ಹೋಗ್ದೇ ಇರ್ಲಿ ಅಂತಾನೇ ಆ ಹಾಡನ್ನ ಅಷ್ಟುದ್ದ ಇಟ್ಟಿರೋದು. ನಿಮ್ಮ ಕಾಲಿಗೆ ಬೀಳ್ತೀನಿ, ಏಳಿ...

...

ಎತ್ತಲ್ವಾ ಮೇಡಂ? ಮತ್ತೆ ಮಾಡಿ. ಎತ್ತೋವರೆಗೂ ಮಾಡ್ತಾನೇ ಇರಿ.

...

ಹಾಂ ಭಾವ, ಎದ್ರಾ?... ಹೊರಗೆ ಹೋಗ್ತಿದೀರಾ?... ನಿಜವಾಗ್ಲೂ? ಬಾಗಿಲ ಹತ್ರ ಬಂದ್ರಾ?

...

ಇಲ್ಲ ಭಾವ. ನೀವು ನಡೀತಿದ್ರೆ ಆ ಹಾಡು ಸಣ್ಣಗಾಗ್ಬೇಕಿತ್ತು. ಹಾಗೇ ಇದೆ, ಅಷ್ಟೇ ಜೋರಾಗಿದೆ... ಭಾವ?... ಹಲೋ?... ಹಲೋ, ಫೋನ್ ಇಡ್ಬೇಡಿ ಭಾ—